ಏಳೂವರೆ ಸಾವಿರದ ಲೈಸೆನ್ಸು, ಹನ್ನೆರಡು ಲಕ್ಷದ ಲೇಬಲ್ಲು

ವಿದೇಶದ ತಿನಿಸು ತರಿಸಿ ಇಲ್ಲಿ ಮಾರಬೇಕೆಂದು ಹೊರಟವರು ಆಡಿಟರ್ ಮುಂದೆ ಕುಳಿತು ಮೊದಲು ಕೇಳುವುದು ‘ಲೈಸೆನ್ಸಿಗೆ ಎಷ್ಟಾಗುತ್ತೆ ಸರ್?’ ಎಂದು. ಉತ್ತರ ಕೇಳಿದರೆ ಯಾರಿಗಾದರೂ ಧೈರ್ಯ ಬರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, ಕೇಂದ್ರ ಲೈಸೆನ್ಸಿಗೆ ವರ್ಷಕ್ಕೆ ₹7,500. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಆಮದು-ರಫ್ತು ಕೋಡ್‌ಗೆ ಒಂದು ಸಲ ₹500. ಪೊಟ್ಟಣದ ಸರಕು ತರಿಸುವವರು ಕಾನೂನು ಮಾಪನಶಾಸ್ತ್ರದ ನಿಯಮದಂತೆ ಮಾಡಿಸಬೇಕಾದ ನೋಂದಣಿಗೆ ಇನ್ನೊಂದು ₹500. ಮೂರೂ ಸೇರಿ ₹8,500. ಬೆಂಗಳೂರಿನಲ್ಲಿ ಅಂಗಡಿಗೆ ಒಂದು ಒಳ್ಳೆಯ ಬೋರ್ಡು ಬರೆಸಿದರೂ ಇದಕ್ಕಿಂತ ಹೆಚ್ಚಾದೀತು.

ಇಲ್ಲಿ ಒಂದು ಮಾತು. ಮನೆಯಲ್ಲಿ ಚಕ್ಕುಲಿ, ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ವ್ಯಾಪಾರಿಗೆ ₹100ರ ನೋಂದಣಿಯಲ್ಲಿ ಮುಗಿಯುತ್ತದೆ. ಆಮದುದಾರನಿಗೆ ಈ ರಿಯಾಯಿತಿ ಇಲ್ಲ. ವಹಿವಾಟು ಒಂದು ಲಕ್ಷವಿರಲಿ, ನೂರು ಕೋಟಿಯಿರಲಿ, ಕೇಂದ್ರ ಲೈಸೆನ್ಸೇ ಬೇಕು. ಅದೂ ಸರಕು ಬಂದರಿಗೆ ಬರುವ ಮೊದಲೇ ಕೈಯಲ್ಲಿರಬೇಕು. ರಾಜ್ಯ ಲೈಸೆನ್ಸು ಇಟ್ಟುಕೊಂಡ ದಿನಸಿ ಮಳಿಗೆಯವರು ‘ನಮ್ಮ ಹತ್ತಿರ ಹೇಗೂ ಲೈಸೆನ್ಸು ಇದೆ’ ಎಂದು ಕಂಟೇನರ್ ತರಿಸಿಕೊಂಡರೆ ತೊಂದರೆ ಅಲ್ಲಿಂದಲೇ ಶುರು.

ಇಷ್ಟಾದರೂ ಲೈಸೆನ್ಸು ಈ ವ್ಯಾಪಾರದ ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಎಲ್ಲಿ ಕೂತಿದೆ ಎಂದು ನೋಡಲು ಒಂದು ಲೆಕ್ಕ ಹಾಕೋಣ. ಸರಕು: ಇಟಲಿಯ ಸ್ಪಾಗೆಟಿ, 500 ಗ್ರಾಂ ಪೊಟ್ಟಣ. ಪ್ರಮಾಣ: 20 ಅಡಿಯ ಒಂದು ಕಂಟೇನರಿನಲ್ಲಿ 20,000 ಪೊಟ್ಟಣ, ಅಂದರೆ 10 ಟನ್. ಸುಂಕ, ತೆರಿಗೆ ಮತ್ತು ಮೇಲೆ ಹೇಳಿದ ಮೂರು ಶುಲ್ಕಗಳು ನಿಯಮದಲ್ಲಿರುವವು. ಸರಕಿನ ಬೆಲೆ, ಪ್ರಯೋಗಾಲಯ, ಸಾಗಣೆ, ಕ್ಲಿಯರಿಂಗ್, ಸ್ಟಿಕ್ಕರ್ ಖರ್ಚುಗಳು ಮಾತ್ರ ಲೆಕ್ಕ ತೋರಿಸಲು ನಾನು ಹಿಡಿದ ಅಂಕಿಗಳು. ನಿಮ್ಮ ಏಜೆಂಟರ ಬಿಲ್ಲಿನಲ್ಲಿ ಅವು ಬೇರೆ ಇರುತ್ತವೆ.

ಹಡಗು ಬಾಡಿಗೆ, ವಿಮೆ ಸೇರಿ ಬಂದರು ತಲುಪುವ ಹೊತ್ತಿಗೆ ಪೊಟ್ಟಣಕ್ಕೆ ₹60 ಎಂದು ಹಿಡಿದರೆ ಸರಕಿನ ಮೌಲ್ಯ ₹12,00,000. ಪಾಸ್ತಾದ ಮೇಲೆ ಮೂಲ ಕಸ್ಟಮ್ಸ್ ಸುಂಕ ಶೇ 30, ಅಂದರೆ ₹3,60,000. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ₹36,000. ಇವೆಲ್ಲ ಕೂಡಿದ ₹15,96,000ದ ಮೇಲೆ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಇದು ಶೇ 12 ಇತ್ತು, ₹1,91,520 ಆಗುತ್ತಿತ್ತು. ಶೇ 5ಕ್ಕೆ ಇಳಿದ ಮೇಲೆ ₹79,800. ಐಜಿಎಸ್‌ಟಿ ಮುಂದೆ ಮಾರುವಾಗ ವಜಾ ಆಗುವ ಹಣ, ನಿಜವಾದ ಖರ್ಚಲ್ಲ. ಆದರೆ ಬಂದರಿನಲ್ಲಿ ಕೈಯಿಂದ ಕಟ್ಟಲೇಬೇಕು. ಹಾಗಾಗಿ ದರ ಇಳಿದದ್ದರಿಂದ ಸಣ್ಣ ಆಮದುದಾರನ ಕೈಯಲ್ಲಿ ಒಂದು ಕಂಟೇನರಿಗೆ ₹1,11,720 ನಗದು ಉಳಿದಂತಾಯಿತು. ಲೈಸೆನ್ಸು ಶುಲ್ಕದ ಹದಿನಾಲ್ಕು ಪಟ್ಟಿಗಿಂತ ಹೆಚ್ಚು.

ಐಜಿಎಸ್‌ಟಿ ಹೊರಗಿಟ್ಟ ಪೂರ್ತಿ ಲೆಕ್ಕ ಹೀಗೆ:

ಸರಕು, ಬಂದರು ತಲುಪಿದಾಗ – ₹12,00,000
ಮೂಲ ಸುಂಕ ಮತ್ತು ಸರ್‌ಚಾರ್ಜ್ – ₹3,96,000
ಬಂದರು, ಕ್ಲಿಯರಿಂಗ್, ಲಾರಿ (ಅಂದಾಜು) – ₹90,000
ಸ್ಟಿಕ್ಕರ್, ಪೊಟ್ಟಣಕ್ಕೆ ₹1.50ರಂತೆ (ಅಂದಾಜು) – ₹30,000
ಪರಿಶೀಲನೆ, ಪ್ರಯೋಗಾಲಯ (ಅಂದಾಜು) – ₹10,000
ಲೈಸೆನ್ಸು ಮತ್ತು ನೋಂದಣಿಗಳು – ₹8,500
ಒಟ್ಟು – ₹17,34,500

ಪೊಟ್ಟಣಕ್ಕೆ ₹86.73 ಬಿತ್ತು. ಇದರಲ್ಲಿ ಲೈಸೆನ್ಸು ಮತ್ತು ನೋಂದಣಿಗಳ ಪಾಲು 43 ಪೈಸೆಯೂ ಇಲ್ಲ. ಸುಂಕದ ಪಾಲು ₹19.80. ಇದು ಎಲ್ಲವೂ ಸರಿಹೋದ ಕಂಟೇನರಿನ ಲೆಕ್ಕ.

ಎಲ್ಲವೂ ಸರಿಹೋಗದಿದ್ದರೆ? ತಪ್ಪು ಸಾಮಾನ್ಯವಾಗಿ ಪಾಸ್ತಾದೊಳಗೆ ಇರುವುದಿಲ್ಲ, ಪೊಟ್ಟಣದ ಮೇಲಿರುತ್ತದೆ. ಐರೋಪ್ಯ ಒಕ್ಕೂಟದ ಲೇಬಲ್ ನಿಯಮ ಮತ್ತು ನಮ್ಮ 2020ರ ಲೇಬಲ್ ನಿಯಮ, ಎರಡೂ ಕಟ್ಟುನಿಟ್ಟೇ. ಕಟ್ಟುನಿಟ್ಟು ಬೇರೆ ಬೇರೆ ಜಾಗದಲ್ಲಿದೆ, ಅಷ್ಟೆ. ಅಲ್ಲಿ ಪೊಟ್ಟಣದ ಮೇಲೆ ಪೌಷ್ಟಿಕಾಂಶ ಕಡ್ಡಾಯವಾಗಿ ಏಳು: ಶಕ್ತಿ, ಕೊಬ್ಬು, ಪರ್ಯಾಪ್ತ ಕೊಬ್ಬು, ಕಾರ್ಬೋಹೈಡ್ರೇಟ್, ಸಕ್ಕರೆ, ಪ್ರೋಟೀನ್, ಉಪ್ಪು. ನಮ್ಮಲ್ಲಿ ಇವುಗಳ ಜೊತೆ ಹೊರಗಿನಿಂದ ಸೇರಿಸಿದ ಸಕ್ಕರೆ, ಟ್ರಾನ್ಸ್ ಕೊಬ್ಬು, ಕೊಲೆಸ್ಟ್ರಾಲ್ ಬೇಕು. ಉಪ್ಪಿನ ಬದಲು ಸೋಡಿಯಂ ಬೇಕು. ಒಂದು ಸಲ ತಿನ್ನುವ ಪ್ರಮಾಣದಲ್ಲಿ ದಿನದ ಅಗತ್ಯದ ಶೇಕಡಾ ಎಷ್ಟು ಸಿಗುತ್ತದೆ ಎಂಬುದನ್ನೂ ಬರೆಯಬೇಕು. ಅದಕ್ಕೆ ಇಟ್ಟುಕೊಂಡ ಅಳತೆ ದಿನಕ್ಕೆ 2,000 ಕಿಲೋ ಕ್ಯಾಲೊರಿ, 67 ಗ್ರಾಂ ಕೊಬ್ಬು, 22 ಗ್ರಾಂ ಪರ್ಯಾಪ್ತ ಕೊಬ್ಬು, 2 ಗ್ರಾಂ ಟ್ರಾನ್ಸ್ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2,000 ಮಿಲಿಗ್ರಾಂ ಸೋಡಿಯಂ.

ಲೆಕ್ಕ ಕಷ್ಟದ್ದೇನಲ್ಲ. ಅಲ್ಲಿನ ಬಿಸ್ಕತ್ತಿನ ಪೊಟ್ಟಣದ ಮೇಲೆ 100 ಗ್ರಾಂಗೆ ಉಪ್ಪು 0.75 ಗ್ರಾಂ ಎಂದಿದ್ದರೆ ಎರಡೂವರೆಯಿಂದ ಭಾಗಿಸಿ. ಸೋಡಿಯಂ 300 ಮಿಲಿಗ್ರಾಂ. ಒಂದು ಸಲಕ್ಕೆ 30 ಗ್ರಾಂ ತಿನ್ನುತ್ತಾರೆ ಎಂದರೆ 90 ಮಿಲಿಗ್ರಾಂ, ದಿನದ ಅಗತ್ಯದ ಶೇ 4.5. ಐದು ನಿಮಿಷದ ಕೆಲಸ. ಆದರೆ ಅದನ್ನು ಯಾರು, ಎಲ್ಲಿ, ಯಾವಾಗ ಅಚ್ಚು ಹಾಕಿಸಬೇಕು ಎಂಬಲ್ಲಿ ಲಕ್ಷಗಳ ಪ್ರಶ್ನೆ ಇದೆ.

ಅದಕ್ಕಿಂತ ದೊಡ್ಡ ಗುಂಡಿ ದಿನಾಂಕದ್ದು. ಐರೋಪ್ಯ ಪೊಟ್ಟಣದ ಮೇಲೆ ‘ಈ ದಿನದೊಳಗೆ ಬಳಸಿದರೆ ಉತ್ತಮ’ ಎಂಬ ಒಂದೇ ದಿನಾಂಕ ಇದ್ದರೆ ಸಾಕು. ತಯಾರಾದ ದಿನಾಂಕ ಹಾಕಬೇಕೆಂಬ ಕಡ್ಡಾಯ ಅಲ್ಲಿಲ್ಲ. ನಮ್ಮಲ್ಲಿ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕವೂ ಬೇಕು, ಅವಧಿ ಮುಗಿಯುವ ದಿನಾಂಕವೂ ಬೇಕು. ‘ಉತ್ತಮ’ ಎಂಬ ದಿನಾಂಕ ಬೇಕಿದ್ದರೆ ಹಾಕಬಹುದು, ಬಿಡಬಹುದು. ರೋಮ್‌ನ ಅಂಗಡಿಯಲ್ಲಿ ಸಂಪೂರ್ಣ ಕಾನೂನುಬದ್ಧವಾದ ಪೊಟ್ಟಣ ಚೆನ್ನೈ ಬಂದರಿನಲ್ಲಿ ಅಪೂರ್ಣ ಪೊಟ್ಟಣವಾಗುವುದು ಹೀಗೆ.

‘ಸ್ಟಿಕ್ಕರ್ ಅಂಟಿಸಿದರಾಯಿತು’ ಎಂಬ ಮಾತು ಈ ವ್ಯಾಪಾರದಲ್ಲಿ ಎಲ್ಲರ ಬಾಯಲ್ಲೂ ಇದೆ. ಅರ್ಧ ನಿಜ. 2017ರ ಆಮದು ನಿಯಮದ ಪ್ರಕಾರ ಸರಕು ಇಲ್ಲಿಗೆ ಬಂದ ಮೇಲೆ ಕಸ್ಟಮ್ಸ್ ಹಿಡಿತದ ಗೋದಾಮಿನಲ್ಲಿ ಸರಿಪಡಿಸಬಹುದಾದ ಕೊರತೆಗಳು ಕೆಲವೇ: ಆಮದುದಾರನ ಹೆಸರು-ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು 14 ಅಂಕಿಯ ಲೈಸೆನ್ಸು ಸಂಖ್ಯೆ, ಸಸ್ಯಾಹಾರ-ಮಾಂಸಾಹಾರದ ಗುರುತು, ಮತ್ತು ನಿರ್ದಿಷ್ಟ ಮಾನದಂಡವಿಲ್ಲದ ಕಂಪನಿ ಸ್ವಂತದ ತಿನಿಸಾದರೆ ಅದರ ವರ್ಗ, ಸಾಮಾನ್ಯ ಹೆಸರು, ಸಂಯೋಜನೆ. ಅದೂ ಒಂದೇ ಸ್ಟಿಕ್ಕರಿನಲ್ಲಿ, ಕಿತ್ತರೆ ಬರದಂತೆ, ಮೂಲ ಲೇಬಲಿನ ಒಂದಕ್ಷರವನ್ನೂ ಮುಚ್ಚದಂತೆ. ತಯಾರಿಕೆಯ ದಿನಾಂಕ, ಅವಧಿ, ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶ, ಅಲರ್ಜಿಯ ಎಚ್ಚರಿಕೆ ಈ ಪಟ್ಟಿಯಲ್ಲಿಲ್ಲ. ಅವು ಇಲ್ಲದೆ ಬಂದ ಕಂಟೇನರಿಗೆ ಗೋದಾಮಿನಲ್ಲಿ ಮದ್ದಿಲ್ಲ. ಇದು ನ್ಯಾಯವೇ? ದಿನಾಂಕದ ಮಟ್ಟಿಗೆ ನ್ಯಾಯ ಎಂದೇ ನನ್ನ ಅಭಿಪ್ರಾಯ. ಆಮದುದಾರನ ಗೋದಾಮಿನಲ್ಲಿ ದಿನಾಂಕ ಅಂಟಿಸಲು ಬಿಟ್ಟರೆ ಹಳೆಯ ಮಾಲು ಹೊಸದಾಗಲು ಎಷ್ಟು ಹೊತ್ತು? ಆದರೆ ಉಪ್ಪನ್ನು ಸೋಡಿಯಂ ಮಾಡಿ ಬರೆಯುವುದಕ್ಕೂ ಅದೇ ಬಿಗಿ ಬೇಕೇ ಎಂಬುದು ಪ್ರಶ್ನೆ.

ಸಸ್ಯಾಹಾರದ ಗುರುತಿನಲ್ಲೂ ಅಳತೆ ಇದೆ. ಪೊಟ್ಟಣದ ಮುಖ್ಯ ಮುಖ 100 ಚದರ ಸೆಂಟಿಮೀಟರಿನೊಳಗಿದ್ದರೆ ಹಸಿರು ಬೊಟ್ಟಿನ ವ್ಯಾಸ ಕನಿಷ್ಠ 3 ಮಿಲಿಮೀಟರ್, 500ರವರೆಗೆ 4, 2,500ರವರೆಗೆ 6, ಅದರಾಚೆ 8. ಬೊಟ್ಟಿನ ಸುತ್ತಣ ಚೌಕದ ಬದಿ ಇದರ ಎರಡರಷ್ಟು. ಮಾಂಸಾಹಾರಕ್ಕೆ ಹಿಂದೆ ಕಂದು ಬೊಟ್ಟಿತ್ತು, 2020ರ ನಿಯಮದಲ್ಲಿ ಕಂದು ತ್ರಿಕೋನವಾಯಿತು. ಇಟಲಿಯಲ್ಲಿ ಮೊಟ್ಟೆ ಹಾಕಿ ಮಾಡುವ ಪಾಸ್ತಾಗಳು ಹೇರಳ. ನಮ್ಮ ನಿಯಮದಲ್ಲಿ ಮೊಟ್ಟೆ ಮಾಂಸಾಹಾರ. ಆದ್ದರಿಂದ ಒಂದೇ ಕಂಪನಿಯ ಎರಡು ಪೊಟ್ಟಣ, ಒಂದಕ್ಕೆ ಹಸಿರು ಬೊಟ್ಟು, ಇನ್ನೊಂದಕ್ಕೆ ಕಂದು ತ್ರಿಕೋನ. ಇಪ್ಪತ್ತು ಸಾವಿರ ಪೊಟ್ಟಣಕ್ಕೆ ಅಂಟಿಸುವ ಕೂಲಿಯವರು ಇದನ್ನು ಅದಲು ಬದಲು ಮಾಡಿದರೆ ಕಿತ್ತರೆ ಬರದ ಸ್ಟಿಕ್ಕರನ್ನು ಏನು ಮಾಡುತ್ತೀರಿ?

ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ಸಂಖ್ಯೆ, ಬಿಡಿ ದರ ಇವು ಬೇರೆ ಕಾನೂನಿನ ಬೇಡಿಕೆ. 2011ರ ಪೊಟ್ಟಣ ಸರಕು ನಿಯಮದವು. ಒಂದು ಕಿಲೋಗಿಂತ ಕಡಿಮೆ ತೂಕವಾದರೆ ಗ್ರಾಂ ಲೆಕ್ಕದಲ್ಲಿ ಬಿಡಿ ದರ ಹಾಕಬೇಕು. ನಮ್ಮ ಸ್ಪಾಗೆಟಿಗೆ ₹165 ಎಂಆರ್‌ಪಿ ಇಟ್ಟರೆ ಗ್ರಾಂಗೆ 33 ಪೈಸೆ ಎಂದು ಅಚ್ಚಾಗಬೇಕು.

ಈಗ ಕೆಟ್ಟ ಕಂಟೇನರಿನ ಲೆಕ್ಕ. ತಯಾರಿಕೆಯ ದಿನಾಂಕ ಇಲ್ಲವೆಂದು ಸರಕು ನಿಂತಿತು, ಪತ್ರ ವ್ಯವಹಾರದಲ್ಲಿ 20 ದಿನ ಹೋಯಿತು ಎನ್ನಿ. ಕಂಟೇನರ್ ಬಾಡಿಗೆ, ನೆಲ ಬಾಡಿಗೆ ಸೇರಿ ದಿನಕ್ಕೆ ₹8,000 ಎಂದು ಹಿಡಿದರೆ ₹1,60,000. ಪೊಟ್ಟಣಕ್ಕೆ ₹8 ಏರಿತು, ಸಮಸ್ಯೆ ಬಗೆಹರಿದಿಲ್ಲ. ಕೊನೆಗೆ ಇರುವ ದಾರಿ ಎರಡೇ, ವಾಪಸು ಕಳಿಸುವುದು ಅಥವಾ ನಾಶಪಡಿಸುವುದು. ನಾಶವಾದರೆ ₹12,00,000ದ ಸರಕು ಹೋಯಿತು. ಲೈಸೆನ್ಸು ಶುಲ್ಕಕ್ಕೆ ಹೋಲಿಸಿದರೆ ಅದು 160 ವರ್ಷದ ಶುಲ್ಕ. ಇದರ ಮೇಲೆ ಕಸ್ಟಮ್ಸ್‌ನ ಗಡಿಯಾರ ಬೇರೆ ಓಡುತ್ತಿರುತ್ತದೆ. ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000. ಐದು ದಿನದ ಸೋಮಾರಿತನಕ್ಕೆ ₹35,000. ಸುಂಕ ಕಟ್ಟುವುದು ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ.

ಪರೀಕ್ಷೆಯ ವಿಷಯದಲ್ಲಿ ಇಲಾಖೆಯನ್ನು ಬೈಯುವವರು ಹೆಚ್ಚು. ನಿಯಮ ಮಾತ್ರ ಅಷ್ಟು ಕೆಟ್ಟದ್ದಲ್ಲ. ಕಾಗದಪತ್ರ ನೋಡುತ್ತಾರೆ, ಸರಕನ್ನು ಕಣ್ಣಾರೆ ನೋಡುತ್ತಾರೆ. ಅಪಾಯದ ಅಂದಾಜಿನ ಮೇಲೆ ಆಯ್ದ ಸರಕಿನಿಂದ ಮಾದರಿ ತೆಗೆಯುತ್ತಾರೆ. ಮಾದರಿ ಎರಡು ಭಾಗ. ಒಂದು ಪ್ರಯೋಗಾಲಯಕ್ಕೆ, ಅದರ ವರದಿಗೆ ಐದು ದಿನ. ವರದಿ ಒಪ್ಪದಿದ್ದರೆ ಮೇಲ್ಮನವಿಯಲ್ಲಿ ಎರಡನೆಯ ಭಾಗ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಂಥ ರೆಫರಲ್ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. ಏಳು ದಿನಕ್ಕಿಂತ ಕಡಿಮೆ ಬಾಳುವ ಸರಕಾದರೆ ವರದಿಗೆ ಕಾಯದೆ ತಾತ್ಕಾಲಿಕ ಒಪ್ಪಿಗೆ ಕೊಡಲು ಅವಕಾಶವಿದೆ.

ಸಣ್ಣ ಪ್ರಮಾಣದವರಿಗೆ ಪೆಟ್ಟು ಬೀಳುವುದು ಬೇರೆ ಕಡೆ. ‘ಮೊದಲು ಸಾವಿರ ಪೊಟ್ಟಣ ತರಿಸಿ ನೋಡೋಣ’ ಎನ್ನುವುದು ಕೇಳಲು ಜಾಣತನ. ಲೆಕ್ಕ ನೋಡಿ. ಲೈಸೆನ್ಸು-ನೋಂದಣಿ ₹8,500ನ್ನು ಸಾವಿರಕ್ಕೆ ಹಂಚಿದರೆ ಪೊಟ್ಟಣಕ್ಕೆ ₹8.50. ಪ್ರಯೋಗಾಲಯದ ₹10,000 ಹಂಚಿದರೆ ₹10. ಕ್ಲಿಯರಿಂಗ್ ಮತ್ತು ಸಾಗಣೆ ಎಷ್ಟೇ ಚಿಕ್ಕ ಸರಕಾದರೂ ₹40,000ಕ್ಕೆ ಇಳಿಯದು ಎಂದು ಹಿಡಿದರೆ ₹40. ಸ್ಟಿಕ್ಕರ್ ₹1.50. ಒಟ್ಟು ₹60, ಅಂದರೆ ಸರಕಿನ ಬೆಲೆಯಷ್ಟೇ! ತುಂಬಿದ ಕಂಟೇನರಿನಲ್ಲಿ ಇವೇ ನಾಲ್ಕು ಖರ್ಚು ಸೇರಿ ಪೊಟ್ಟಣಕ್ಕೆ ₹6.93 ಮಾತ್ರ ಇದ್ದವು. ₹86.73ಕ್ಕೆ ಬೀಳಬೇಕಾದದ್ದು ₹139.80ಕ್ಕೆ ಬಿತ್ತು. ಇನ್ನು ವಿತರಕ, ಅಂಗಡಿಯವನು ಇಬ್ಬರ ಕಮಿಷನ್ ಸೇರಿಸಿ ₹165ಕ್ಕೆ ಮಾರುವ ಮಾತೇ ಇಲ್ಲ.

ಹಾಗೆಂದು ಒಂದೇ ಕಂಟೇನರಿನಲ್ಲಿ ಹತ್ತು ಬಗೆ ತುಂಬಿಸುವುದೂ ಉಪಾಯವಲ್ಲ. ಸ್ಪಾಗೆಟಿ, ಪೆನ್ನೆ, ಮ್ಯಾಕರೋನಿ ಎಂದು ಹತ್ತು ಬಗೆಯಾದರೆ ಹತ್ತು ಲೇಬಲ್ಲು. ಹತ್ತರಿಂದಲೂ ಮಾದರಿ ತೆಗೆದರೆ ಪ್ರಯೋಗಾಲಯದ ಖರ್ಚು ₹1,00,000, ಪೊಟ್ಟಣಕ್ಕೆ 50 ಪೈಸೆಯಿದ್ದದ್ದು ₹5. ಹೊಸಬರು ಎರಡು-ಮೂರು ಬಗೆಯಲ್ಲೇ ಕಂಟೇನರ್ ತುಂಬಿಸುವುದು ಲೇಸು.

ಬಾಳಿಕೆಯ ನಿಯಮವನ್ನು ತಪ್ಪಾಗಿ ತಿಳಿದುಕೊಂಡವರೇ ಹೆಚ್ಚು. ‘ಶೇ 60 ಅವಧಿ ಉಳಿದಿರಬೇಕು’ ಎಂದಷ್ಟೇ ಹೇಳಿ ನಿಲ್ಲಿಸುತ್ತಾರೆ. ನಿಯಮದ ಪೂರ್ತಿ ಮಾತು: ಆಮದಿನ ಹೊತ್ತಿಗೆ ಶೇ 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಎರಡು ವರ್ಷ ಬಾಳುವ ಪಾಸ್ತಾಗೆ ಶೇ 60 ಎಂದರೆ ಹದಿನಾಲ್ಕು ತಿಂಗಳು ದಾಟುತ್ತದೆ, ಆದರೆ ಮೂರು ತಿಂಗಳು ಉಳಿದಿದ್ದರೂ ಸಾಕು. ಐದು ತಿಂಗಳು ಬಾಳುವ ಸರಕಿನಲ್ಲಿ ಎರಡೂ ಒಂದೇ. ಅದಕ್ಕಿಂತ ಕಡಿಮೆ ಬಾಳುವವಕ್ಕೆ ಮಾತ್ರ ಶೇ 60ರ ಕತ್ತರಿ. 90 ದಿನದ ಚೀಸ್ ತೆಗೆದುಕೊಳ್ಳಿ: 54 ದಿನ ಉಳಿದಿರಬೇಕು. 2023ರ ಕೊನೆಯಿಂದ ಕೆಂಪು ಸಮುದ್ರದ ಗಲಾಟೆಯಿಂದ ಎಷ್ಟೋ ಹಡಗುಗಳು ಆಫ್ರಿಕದ ದಕ್ಷಿಣ ತುದಿ ಸುತ್ತಿ ಬರತೊಡಗಿದವು. ಪಯಣಕ್ಕೆ 40 ದಿನ, ಬಂದರಿನಲ್ಲಿ 5 ದಿನ ಎಂದರೆ ಉಳಿದದ್ದು 45. ಒಂಬತ್ತು ದಿನ ಸಾಲದು. ವಿಮಾನದಲ್ಲೇ ತರಿಸಬೇಕು, ಬೆಲೆ ಅದಕ್ಕೆ ತಕ್ಕಂತೆ.

ಚೀಸ್‌ಗೆ ಇನ್ನೂ ಒಂದು ಗೇಟಿದೆ. 2023ರ ಫೆಬ್ರವರಿ 1ರಿಂದ ಹಾಲಿನ ಉತ್ಪನ್ನ, ಮಾಂಸ-ಮೀನು, ಮೊಟ್ಟೆ ಪುಡಿ, ಶಿಶು ಆಹಾರ, ನ್ಯೂಟ್ರಾಸ್ಯೂಟಿಕಲ್ ಈ ಐದು ಬಗೆಯವನ್ನು ತಯಾರಿಸುವ ವಿದೇಶಿ ಕಾರ್ಖಾನೆಯೂ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಾಯಿಸಿರಬೇಕು. ಚೀನಾದ ಹಾಲು ಮತ್ತು ಹಾಲು ಹಾಕಿದ ಚಾಕೊಲೇಟಿಗೆ 2008ರಿಂದಲೇ ನಿಷೇಧ. ಸೇಬಿಗೆ 2023ರ ಮೇ ತಿಂಗಳಿಂದ ಕಿಲೋಗೆ ₹50ರ ಕನಿಷ್ಠ ಆಮದು ಬೆಲೆ, ಭೂತಾನಕ್ಕೆ ಮಾತ್ರ ವಿನಾಯಿತಿ. ಗೋಧಿ, ಮೆಕ್ಕೆಜೋಳ, ಸೇಬು, ಆಲೂಗೆಡ್ಡೆ ಸೇರಿ 24 ಬೆಳೆಗಳಿಗೆ 2021ರ ಮಾರ್ಚ್ 1ರಿಂದ ಕುಲಾಂತರಿ ಅಲ್ಲವೆಂಬ ಪ್ರಮಾಣಪತ್ರ, ಶೇ 1ರ ಬೆರಕೆಗೆ ಮಾತ್ರ ಮನ್ನಾ. ಗೋಧಿ ಕಾಳಿಗೆ ಇದು ಬೇಕು, ಗೋಧಿಯ ಪಾಸ್ತಾಗೆ ಬೇಡ.

ಪೊಟ್ಟಣದ ಈ ಗೋಳು ಬೇಡವೆನ್ನುವವರು ಮಂಗಳೂರಿನ ಗೇರುಬೀಜದವರನ್ನು ನೋಡಬೇಕು. ಪಶ್ಚಿಮ ಆಫ್ರಿಕದಿಂದ ಬರುವ ಕಚ್ಚಾ ಗೇರುಬೀಜ ಗೋಣಿಯಲ್ಲಿ ಬರುತ್ತದೆ. ಹಸಿರು ಬೊಟ್ಟಿಲ್ಲ, ಎಂಆರ್‌ಪಿ ಇಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರ, ತಪಾಸಣೆ ಇವೇ ಮುಖ್ಯ. ಮೂಲ ಸುಂಕ ಶೇ 2.5. ಅದೇ ಬೀಜವನ್ನು ಒಡೆದು ತಿರುಳಾಗಿ ತರಿಸಲು ಹೋದರೆ 2019ರ ಜೂನ್‌ನಿಂದ ಕನಿಷ್ಠ ಬೆಲೆ ಇಡಿ ತಿರುಳಿಗೆ ಕಿಲೋಗೆ ₹720, ತುಂಡಿಗೆ ₹680. ಒಡೆಯುವ ಕೆಲಸ ಇಲ್ಲೇ ಆಗಲಿ ಎಂದು ಕಟ್ಟಿದ ಗೋಡೆ ಇದು. ಕರಾವಳಿಯ ಕಾರ್ಖಾನೆಗಳ ಮಟ್ಟಿಗೆ ಸರಿಯಾದದ್ದೇ.

ಭಾಷೆಯ ವಿಷಯ. ಲೇಬಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶಿಸಿತು. ಹೊರಗೆ ತಯಾರಾಗಿ ಬಂದ ಪೊಟ್ಟಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಹೇಗೂ ₹1.50 ಕೊಟ್ಟು ಸ್ಟಿಕ್ಕರ್ ಹಾಕಿಸುವ ಬೆಂಗಳೂರಿನ ಆಮದುದಾರ ಮೊಟ್ಟೆ ಇದೆ, ಕಡಲೆಕಾಯಿ ಇದೆ ಎಂಬ ಎರಡು ಸಾಲನ್ನು ಕನ್ನಡದಲ್ಲೂ ಅಚ್ಚು ಹಾಕಿಸಿದರೆ ಖರ್ಚೇನೂ ಏರುವುದಿಲ್ಲ. ಯಾರೂ ಕೇಳುವುದಿಲ್ಲ, ಯಾರೂ ಮಾಡುವುದಿಲ್ಲ.

ದಂಡದ ಅಂಕಿಗಳನ್ನೂ ಬರೆದಿಡುವುದು ಒಳ್ಳೆಯದು. ತಪ್ಪು ಲೇಬಲಿನ ಆಹಾರಕ್ಕೆ ₹3 ಲಕ್ಷದವರೆಗೆ. ಲೈಸೆನ್ಸಿಲ್ಲದೆ ವ್ಯಾಪಾರ ಮಾಡಿದರೆ ಹಿಂದೆ ಆರು ತಿಂಗಳ ಸೆರೆ ಮತ್ತು ₹5 ಲಕ್ಷ ದಂಡವಿತ್ತು. 2023ರ ಜನ ವಿಶ್ವಾಸ ಕಾಯ್ದೆ ಸೆರೆ ತೆಗೆದು ದಂಡವನ್ನು ₹10 ಲಕ್ಷಕ್ಕೆ ಏರಿಸಿತು.

ಆದ್ದರಿಂದ ತರಿಸಬೇಕೆನ್ನುವವರಿಗೆ ಒಂದೇ ಸಲಹೆ. ಮುಂಗಡ ಕಳಿಸುವ ಮೊದಲು ಲೇಬಲಿನ ಕರಡು ತರಿಸಿಕೊಂಡು ಇಲ್ಲಿನ ನಿಯಮ ಬಲ್ಲವರಿಂದ ಓದಿಸಿ. ಎರಡು ದಿನಾಂಕ, ಸೋಡಿಯಂ, ಸೇರಿಸಿದ ಸಕ್ಕರೆ, ಟ್ರಾನ್ಸ್ ಕೊಬ್ಬು, ಕೊಲೆಸ್ಟ್ರಾಲ್ ಅಲ್ಲಿನ ಕಾರ್ಖಾನೆಯಲ್ಲೇ ಅಚ್ಚಾಗಬೇಕೆಂದು ಖರೀದಿ ಒಪ್ಪಂದದಲ್ಲಿ ಬರೆಸಿ. ಅಚ್ಚಾದ ಪೊಟ್ಟಣದ ಫೋಟೊ ಬರುವವರೆಗೆ ಬಾಕಿ ಹಣ ಬಿಡಬೇಡಿ. ಕೊಳ್ಳುವವರಿಗೂ ಒಂದು ಮಾತಿದೆ: ವಿದೇಶಿ ಪೊಟ್ಟಣದ ಮೇಲೆ ಆಮದುದಾರನ ವಿಳಾಸ, 14 ಅಂಕಿಯ ಸಂಖ್ಯೆ, ಎಂಆರ್‌ಪಿ ಇಲ್ಲದಿದ್ದರೆ ಅದು ಈ ಯಾವ ತಪಾಸಣೆಗೂ ಒಳಗಾಗದೆ ಬಂದಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಕೊಳ್ಳಬೇಡಿ, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಿ.